ಮನಸ್ಸು ದಣಿದಾಗ ಹಾಕುವ ರಜೆ: ಯಾರಿಗೆ ಉಪಯೋಗ, ಯಾರಿಗೆ ಅಲ್ಲ

ಪ್ರಶ್ನೆ: ನನಗೆ 37 ವರ್ಷ. ಮನೆ ಹಾಸನದ ವಿದ್ಯಾನಗರದಲ್ಲಿ. ಅರಕಲಗೂಡಿನ ಒಂದು ಖಾಸಗಿ ಚಿನ್ನದ ಸಾಲದ ಶಾಖೆಯಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಕೌಂಟರಿನಲ್ಲಿ ಒಡವೆ ತೂಗಿ ಸಾಲ ಕೊಡುತ್ತಿದ್ದೆ. ಎರಡು ವರ್ಷಗಳಿಂದ ವಸೂಲಿ ಮತ್ತು ಹರಾಜಿನ ಕೆಲಸವೂ ನನ್ನ ಮೇಲಿದೆ. ಆಲೂಗೆಡ್ಡೆ, ಶುಂಠಿ ಹಾಕುವಾಗ ಒಡವೆ ಇಟ್ಟ ರೈತರಿಗೆ ಫೋನ್ ಮಾಡಿ ಹರಾಜಿನ ದಿನ ತಿಳಿಸುವವಳು ನಾನೇ. ಮೂರು ತಿಂಗಳಿಂದ ಭಾನುವಾರ ಸಂಜೆಯಾದರೆ ಎದೆ ಹಿಡಿದಂತಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಊಟ ರುಚಿಸುತ್ತಿಲ್ಲ. ಬಸ್ಸಿನಲ್ಲಿ ಕೂತಾಗ, ಒಂದು ಸಣ್ಣ ಅಪಘಾತವಾಗಿ ಕಾಲು ಮುರಿದರೆ ಒಂದು ತಿಂಗಳು ಯಾರಿಗೂ ಉತ್ತರ ಕೊಡದೆ ಮಲಗಬಹುದಲ್ಲ ಎಂದು ಅನ್ನಿಸುತ್ತದೆ. ಕಳೆದ ತಿಂಗಳು ಹೊಟ್ಟೆನೋವೆಂದು ಸುಳ್ಳು ಹೇಳಿ ಎರಡು ದಿನ ರಜೆ ಹಾಕಿದೆ. ಒಂದು ದಿನ ರಗ್ಗು ಒಗೆದು, ಅತ್ತೆಯವರನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಬಂದೆ. ಇನ್ನೊಂದು ದಿನ ಮೊಬೈಲ್ ಹಿಡಿದು ಮಲಗಿದ್ದೆ. ಮೂರನೆಯ ದಿನ ಕಚೇರಿಯ ಮೆಟ್ಟಿಲು ಹತ್ತುವುದು ಮೊದಲಿಗಿಂತ ಕಷ್ಟವಾಯಿತು. ಮೈಯಲ್ಲಿ ಏನೂ ಇಲ್ಲದವರು ಮನೆಯಲ್ಲಿ ಕೂತರೆ ಇನ್ನಷ್ಟು ಹಾಳಾಗುತ್ತಾರೆ ಎನ್ನುತ್ತಾರೆ ಅತ್ತೆ. ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ತಂಗಿ, ತನ್ನ ಕಂಪನಿಯಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ರಜೆ ಇದೆ, ನೀನೂ ಒಂದು ವಾರ ಹಾಕು, ಸರಿಹೋಗುತ್ತದೆ ಎನ್ನುತ್ತಾಳೆ. ನಾನು ಸೋಮಾರಿಯಾಗುತ್ತಿದ್ದೇನೆಯೇ? ರಜೆ ಹಾಕುವುದಾದರೆ ಎಷ್ಟು ದಿನ, ಏನೆಂದು ಬರೆಯಬೇಕು? ಅಥವಾ ಕೆಲಸವನ್ನೇ ಬಿಡಬೇಕೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು. ಅವುಗಳ ಅಡಿಯಲ್ಲಿರುವ ಚಿಂತೆ ಒಂದೇ. ಥರ್ಮಾಮೀಟರಿನಲ್ಲಿ ಜ್ವರ ಕಾಣುತ್ತಿಲ್ಲ, ಎಕ್ಸ್‌ರೇಯಲ್ಲಿ ಮುರಿತ ಕಾಣುತ್ತಿಲ್ಲ, ಹೀಗಿರುವಾಗ ರಜೆ ಕೇಳುವುದಕ್ಕೆ ನನಗೆ ಯಾವ ಮುಖ ಎಂಬುದು ಆ ಚಿಂತೆ. ಬಸ್ಸಿನಲ್ಲಿ ಬರುವ ಆ ಯೋಚನೆಯೂ ಇಲ್ಲಿಂದಲೇ ಹುಟ್ಟಿದ್ದು, ಆದ್ದರಿಂದ ಮೊದಲು ಅದರ ಬಗ್ಗೆಯೇ ಹೇಳುತ್ತೇನೆ. ಡೆಂಗಿ ಬಂದಿದ್ದರೆ ಚೆನ್ನಾಗಿತ್ತು, ಅಪೆಂಡಿಕ್ಸ್ ಆಪರೇಷನ್ ಆದರೂ ಆಗಬಾರದೇ ಎಂದು ಹೇಳಿಕೊಳ್ಳುವವರನ್ನು ಮನೋವೈದ್ಯನಾಗಿ ನಾನು ಆಗಾಗ ನೋಡುತ್ತೇನೆ. ಊರೆಲ್ಲ ಒಪ್ಪುವಂಥ ಒಂದು ಕಾರಣ ಸಿಕ್ಕರೆ ಮಾತ್ರ ಮಲಗಬಹುದು ಎಂದು ನಂಬಿದವರಿಗೆ ಇಂಥ ಯೋಚನೆ ಬರುತ್ತದೆ, ಇದನ್ನು ಸಾಯುವ ಬಯಕೆ ಎಂದು ತಿಳಿದು ಗಾಬರಿಯಾಗಬೇಕಾಗಿಲ್ಲ. ಹಾಗೆಂದು ತಳ್ಳಿಹಾಕುವಂಥದ್ದೂ ಅಲ್ಲ. ಕಾಲು ಮುರಿದರೆ ಎಂಬ ಯೋಚನೆ ನಾನೇ ಇಲ್ಲದಿದ್ದರೆ ಎಂಬ ಕಡೆಗೆ ತಿರುಗಿದ ದಿನ, ರಜೆ, ಕಚೇರಿ, ಹರಾಜು ಯಾವುದನ್ನೂ ಲೆಕ್ಕಿಸದೆ, ಅದೇ ದಿನ ನಿಮ್ಮ ಯಜಮಾನರಿಗೆ ತಿಳಿಸಿ ಆಸ್ಪತ್ರೆಗೆ ಹೋಗಬೇಕು. ಅದು ರಾತ್ರಿಯಾಗಿದ್ದರೆ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತವಾಗಿದ್ದು, ಇಡೀ ದಿನ ಮತ್ತು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಸೋಮಾರಿತನದ ಮಾತು. ಸೋಮಾರಿಯಾದವನು ರಜೆ ಹಾಕಿದ್ದಕ್ಕೆ ನಿದ್ದೆ ಕೆಡಿಸಿಕೊಳ್ಳುವುದಿಲ್ಲ, ಅದನ್ನು ಸಮರ್ಥಿಸಿಕೊಳ್ಳಲು ಇಷ್ಟುದ್ದದ ಪತ್ರವನ್ನೂ ಬರೆಯುವುದಿಲ್ಲ. ಏಳು ವರ್ಷ ಸರಿಯಾಗಿ ಕೆಲಸ ಮಾಡಿದವರಿಗೆ, ಕೆಲಸದ ಸ್ವರೂಪ ಬದಲಾದ ಮೇಲೆ, ಅದೂ ಇತ್ತೀಚಿನ ಮೂರು ತಿಂಗಳಲ್ಲಿ, ನಿದ್ದೆ ಮತ್ತು ಹಸಿವು ಎರಡೂ ಕೆಟ್ಟಿವೆ ಎಂದರೆ ಸ್ವಭಾವವನ್ನು ದೂರುವ ಮೊದಲು ಆರೋಗ್ಯವನ್ನು ನೋಡಬೇಕು. ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 21ನೇ ಕಲಮಿನ ಪ್ರಕಾರ, ಆರೋಗ್ಯ ಸೇವೆ ಕೊಡುವಾಗ ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮನಾಗಿಯೇ ನಡೆಸಿಕೊಳ್ಳಬೇಕು. ಕಾನೂನು ಹೇಳಿದ ಮಾತ್ರಕ್ಕೆ ಶಾಖೆಯ ವ್ಯವಸ್ಥಾಪಕರೂ ಪಕ್ಕದ ಮನೆಯವರೂ ಬದಲಾಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ನಿಮ್ಮ ಮನಸ್ಸಿನಲ್ಲಿರುವ ಅಪರಾಧಿ ಭಾವನೆಗೆ ಆಧಾರವಿಲ್ಲ ಎಂಬುದನ್ನು ತಿಳಿಸಲು ಇದನ್ನು ಹೇಳಿದೆ.

ತಂಗಿ ಹೇಳಿದ ಮಾತಿನಲ್ಲಿಯೂ ಅರ್ಧ ನಿಜವಿದೆ, ಉಳಿದರ್ಧವನ್ನು ತಿದ್ದಬೇಕು. ಕೆಲಸದಿಂದ ಬರುವ ಬಳಲಿಕೆಯನ್ನು ಈಗ ಎಲ್ಲರೂ ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಇದನ್ನು ಸೇರಿಸಿರುವುದು ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು. ಸರಿಯಾಗಿ ನಿಭಾಯಿಸಲಾಗದ ಕೆಲಸದ ಒತ್ತಡ ಬಹುಕಾಲ ಮುಂದುವರಿದಾಗ ಶಕ್ತಿಯೆಲ್ಲ ಬಸಿದುಹೋದಂತೆ ಆಗುವುದು, ಕೆಲಸದ ಬಗ್ಗೆ ತಾತ್ಸಾರ ಅಥವಾ ದೂರವಾದ ಭಾವ ಬರುವುದು ಮತ್ತು ತನ್ನ ಕೈಯಿಂದ ಏನೂ ಆಗುವುದಿಲ್ಲ ಎನಿಸುವುದು, ಈ ಮೂರೂ ಸೇರಿದರೆ ಅದು ಬರ್ನ್‌ಔಟ್. ಕಾರಣ ಕೆಲಸದಲ್ಲಿ ಇರುವುದರಿಂದ, ಒಂದು ವಾರ ಮನೆಯಲ್ಲಿದ್ದು ಅದೇ ಮೇಜಿಗೆ, ಅದೇ ಫೋನಿನ ಪಟ್ಟಿಗೆ ಮರಳಿದರೆ ಕಾರಣ ಅಲ್ಲಿಯೇ ಕಾದಿರುತ್ತದೆ. ರಜೆಯ ಪರಿಣಾಮಗಳ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡದ್ದೂ ಇದೇ. ರಜೆಯಲ್ಲಿ ಮನಸ್ಸು ಹಗುರಾಗುತ್ತದೆ, ನಿದ್ದೆ ಸುಧಾರಿಸುತ್ತದೆ, ಆದರೆ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಆ ಲಾಭ ಕರಗಿಹೋಗುತ್ತದೆ. ಹಾಗಾದರೆ ರಜೆಯೇ ವ್ಯರ್ಥವೇ ಎಂದು ಕೇಳಬಹುದು. ದಿನವೂ ಊಟ ಮಾಡಿದರೂ ಮರುದಿನ ಹಸಿವಾಗುತ್ತದೆ, ಅದಕ್ಕಾಗಿ ಯಾರೂ ಊಟವನ್ನು ವ್ಯರ್ಥ ಎನ್ನುವುದಿಲ್ಲ. ವರ್ಷಕ್ಕೊಮ್ಮೆ ಕಟ್ಟಿಕೊಂಡು ಹಾಕುವ ಹದಿನೈದು ದಿನಗಳಿಗಿಂತ, ಅಲ್ಲಲ್ಲಿ ಹರಡಿ ಹಾಕುವ ಒಂದೆರಡು ದಿನಗಳು ಹೆಚ್ಚಿನವರಿಗೆ ಒಳ್ಳೆಯದು ಎಂದು ನಾನು ಹೇಳುವುದಕ್ಕೆ ಇದೇ ಕಾರಣ.

ಈಗ ನಿಮ್ಮ ಎರಡು ದಿನಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಬೀನ ಸೊನೆನ್‌ಟಾಗ್ ಮತ್ತು ಶಾರ್ಲೊಟ್ ಫ್ರಿಟ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 2007ರಲ್ಲಿ, ದುಡಿಯುವವರು ಕೆಲಸದ ದಣಿವಿನಿಂದ ಚೇತರಿಸಿಕೊಳ್ಳಲು ನೆರವಾಗುವ ನಾಲ್ಕು ಅನುಭವಗಳನ್ನು ಗುರುತಿಸಿದರು: ಮನಸ್ಸು ಕೆಲಸದಿಂದ ನಿಜವಾಗಿ ಬಿಡಿಸಿಕೊಳ್ಳುವುದು, ಮೈಮನಸ್ಸು ಸಡಿಲಗೊಳ್ಳುವುದು, ಕೆಲಸಕ್ಕೆ ಸಂಬಂಧವಿಲ್ಲದ ಏನನ್ನಾದರೂ ಕಲಿತು ಅಥವಾ ಮಾಡಿ ತೃಪ್ತಿಪಡುವುದು, ಮತ್ತು ಆ ಸಮಯವನ್ನು ಹೇಗೆ ಕಳೆಯಬೇಕೆಂಬ ತೀರ್ಮಾನ ತನ್ನ ಕೈಯಲ್ಲಿರುವುದು. ನಿಮ್ಮ ಮೊದಲ ದಿನ ರಗ್ಗಿಗೆ ಮತ್ತು ಕಣ್ಣಿನ ಆಸ್ಪತ್ರೆಯ ಸರದಿಗೆ ಹೋಯಿತು, ತೀರ್ಮಾನ ನಿಮ್ಮದಾಗಿರಲಿಲ್ಲ. ಎರಡನೆಯ ದಿನ ಕೈಯಲ್ಲಿ ಮೊಬೈಲ್ ಇತ್ತು, ಅದರಲ್ಲಿ ಶಾಖೆಯ ವಾಟ್ಸ್‌ಆಪ್ ಗುಂಪೂ ಇದ್ದೇ ಇರುತ್ತದೆ ಎಂದು ಊಹಿಸುತ್ತೇನೆ. ಯಾರು ಎಷ್ಟು ವಸೂಲಿ ಮಾಡಿದರು ಎಂಬ ಪಟ್ಟಿ ಅರ್ಧ ಗಂಟೆಗೊಮ್ಮೆ ಅದರಲ್ಲಿ ಬೀಳುತ್ತಿದ್ದರೆ, ಮೈ ವಿದ್ಯಾನಗರದ ಮಂಚದ ಮೇಲಿದ್ದರೂ ಮನಸ್ಸು ಅರಕಲಗೂಡಿನ ಕೌಂಟರಿನಲ್ಲಿಯೇ ಇರುತ್ತದೆ. ಅಂದರೆ ಎರಡು ದಿನ ನಿಮ್ಮ ಲೆಕ್ಕದಿಂದ ಕಳೆದುಹೋದರೂ ಒಂದು ದಿನವೂ ನಿಮಗೆ ರಜೆ ಸಿಗಲಿಲ್ಲ. ನಮ್ಮ ಕಡೆ ಹೆಂಗಸರ ರಜೆ ಬಹುಮಟ್ಟಿಗೆ ಹೀಗೆಯೇ ಮುಗಿಯುತ್ತದೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ರಜೆ ಹಾಕಿ, ದರ್ಶನಕ್ಕೆಂದು ಬಂದ ನೆಂಟರಿಗೆ ಮೂರು ಹೊತ್ತು ಬಡಿಸಿ, ರಜೆ ಮುಗಿದ ಮೇಲೆ ಮೈಕೈ ನೋವೆಂದು ಬರುವವರು ಪ್ರತಿ ವರ್ಷವೂ ಇರುತ್ತಾರೆ.

ಮೂರನೆಯ ದಿನ ಮೆಟ್ಟಿಲು ಹತ್ತುವುದು ಏಕೆ ಇನ್ನಷ್ಟು ಕಷ್ಟವಾಯಿತು ಎಂಬುದಕ್ಕೆ ಇನ್ನೊಂದು ಕಾರಣವೂ ಇರಬಹುದು, ಇಡೀ ಉತ್ತರದಲ್ಲಿ ನೀವು ಗಮನವಿಟ್ಟು ಓದಬೇಕಾದ ಭಾಗ ಇದು. ದಣಿವು ಬೇರೆ, ಅಂಜಿಕೆ ಬೇರೆ. ದಣಿವಿಗೆ ಬಿಡುವು ಔಷಧ. ಅಂಜಿಕೆಗೆ ಬಿಡುವು ಕೊಟ್ಟರೆ ಅದು ಬೆಳೆಯುತ್ತದೆ. ಯಾವುದಾದರೂ ಸಂದರ್ಭ ಆತಂಕ ಹುಟ್ಟಿಸಿದಾಗ ಅದರಿಂದ ತಪ್ಪಿಸಿಕೊಂಡರೆ ತಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಮಿದುಳಿಗೆ ಪಾಠವಾಗುತ್ತದೆ, ಆ ಜಾಗ ನಿಜವಾಗಿಯೂ ಅಪಾಯದ್ದು, ತಪ್ಪಿಸಿಕೊಂಡದ್ದೇ ಸರಿಯಾಯಿತು ಎಂದು. ಮುಂದಿನ ಸಲ ಅದೇ ಜಾಗಕ್ಕೆ ಹೋಗಲು ಇನ್ನೂ ಹೆಚ್ಚು ಧೈರ್ಯ ಬೇಕಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಜ್ವರ ಬರುವ ಮಕ್ಕಳಲ್ಲಿ ಇದನ್ನು ಎಲ್ಲರೂ ಗುರುತಿಸುತ್ತಾರೆ, ದೊಡ್ಡವರಲ್ಲಿ ಗುರುತಿಸುವುದಿಲ್ಲ. ನಿಮ್ಮ ಅತ್ತೆಯವರು ಹೇಳಿದ ಮಾತು ಒರಟಾಗಿ ಕೇಳಿದರೂ ಅದರಲ್ಲಿರುವ ಅನುಭವ ಇದೇ.

ಹಾಗಾದರೆ ನಿಮ್ಮದು ಯಾವುದು? ರಜೆಯ ದಿನವೇ ಅದನ್ನು ಹೇಳುತ್ತದೆ, ಗಮನಿಸಬೇಕು ಅಷ್ಟೇ. ಬೆಳಿಗ್ಗೆ ತಡವಾಗಿ ಎದ್ದು, ಮಧ್ಯಾಹ್ನದ ಹೊತ್ತಿಗೆ ಮೈ ಸಡಿಲವಾಗಿ, ಸಂಜೆ ಏನನ್ನಾದರೂ ಮಾಡೋಣ ಎಂಬ ಆಸೆ ಹುಟ್ಟಿ, ಮಾರನೆಯ ದಿನ ಬಸ್ ಹತ್ತುವುದು ಅಷ್ಟೇನೂ ಭಾರ ಎನಿಸದಿದ್ದರೆ ಅದು ದಣಿವು, ರಜೆ ತನ್ನ ಕೆಲಸ ಮಾಡಿದೆ. ರಜೆಯ ಸಂದೇಶ ಕಳುಹಿಸಿದ ಕ್ಷಣದಲ್ಲಿ ದೊಡ್ಡ ಬಿಡುಗಡೆಯೆನಿಸಿ, ಮಧ್ಯಾಹ್ನದ ಮೇಲೆ ನಾಳೆಯ ಯೋಚನೆ ಏರುತ್ತಾ ಹೋಗಿ, ರಾತ್ರಿ ಮತ್ತೊಂದು ದಿನ ರಜೆ ಹಾಕಲು ಕಾರಣ ಹುಡುಕುವಂತಾದರೆ ಅದು ಅಂಜಿಕೆ. ಅಲ್ಲಿ ರಜೆಯ ದಿನಗಳನ್ನು ಹೆಚ್ಚಿಸುವುದಕ್ಕಿಂತ, ಕಚೇರಿಯಲ್ಲಿ ಯಾವ ಕೆಲಸ, ಯಾವ ಫೋನ್, ಯಾರ ಧ್ವನಿ ಹೆದರಿಸುತ್ತಿದೆ ಎಂದು ಗುರುತಿಸಿ, ಚಿಕಿತ್ಸಕರ ನೆರವಿನಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು ಸರಿಯಾದ ದಾರಿ. ಇನ್ನು ಮೂರನೆಯ ಚಿತ್ರವೊಂದಿದೆ. ರಜೆಯೂ ಹಗುರ ಮಾಡುವುದಿಲ್ಲ, ಇಷ್ಟದ ಅಡುಗೆಯೂ ರುಚಿಸುವುದಿಲ್ಲ, ಮನೆಯವರ ನಗು ದೂರದಲ್ಲೆಲ್ಲೋ ಕೇಳಿದಂತಾಗುತ್ತದೆ, ಬೆಳಗಿನ ಜಾವ ಎಲ್ಲಕ್ಕಿಂತ ಕೆಟ್ಟದಾಗಿರುತ್ತದೆ. ಬೇಸರ ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಬಿಡದೆ ಇದ್ದು, ಅದರೊಂದಿಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟು, ತನ್ನನ್ನೇ ದೂಷಿಸಿಕೊಳ್ಳುವಂತಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಬೇಕಾದದ್ದು ಚಿಕಿತ್ಸೆ, ರಜೆ ಅದಕ್ಕೆ ಪೂರಕ ಮಾತ್ರ.

ಪತ್ರವೊಂದನ್ನು ಓದಿ ರೋಗ ನಿರ್ಣಯಿಸಬಾರದು. ಆದರೂ ನಾಲ್ಕು ಗಂಟೆಯ ಎಚ್ಚರ, ಹೋದ ಹಸಿವು, ಮೂರು ತಿಂಗಳ ಅವಧಿ ಇವುಗಳನ್ನು ನೋಡಿದರೆ ನಿಮ್ಮಲ್ಲಿ ದಣಿವಿನ ಜೊತೆ ಬೇರೆ ಏನೋ ಸೇರಿಕೊಂಡಿದೆ ಎಂಬ ಅನುಮಾನ ನನಗಿದೆ, ಹಾಗಾಗಿ ರಜೆಯ ಅರ್ಜಿಗಿಂತ ಮೊದಲು ಒಮ್ಮೆ ವೈದ್ಯರ ಭೇಟಿ ಆಗಬೇಕು. ಮನೋವೈದ್ಯರೇ ಆಗಬೇಕೆಂದಿಲ್ಲ, ನಿಮ್ಮ ಕುಟುಂಬದ ವೈದ್ಯರಿಂದಲೂ ಶುರು ಮಾಡಬಹುದು. ಈ ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಮತ್ತು ಥೈರಾಯ್ಡ್ ಕೊರತೆ ಸಾಮಾನ್ಯ, ಬಿ12 ಕೊರತೆಯೂ ಅಪರೂಪವಲ್ಲ. ಈ ಮೂರೂ ಬಳಲಿಕೆ, ಮಂಕು, ನಿರಾಸಕ್ತಿಯ ವೇಷದಲ್ಲಿ ಬರಬಲ್ಲವು, ಒಂದೇ ದಿನದ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ. ಅವು ಸರಿಯಾಗಿದ್ದು ಖಿನ್ನತೆ ಎಂದಾದರೆ, ಸೌಮ್ಯವಾಗಿದ್ದಲ್ಲಿ ಮಾತಿನ ಚಿಕಿತ್ಸೆಯಿಂದಲೇ, ಸ್ವಲ್ಪ ಹೆಚ್ಚಾಗಿದ್ದಲ್ಲಿ ಮಾತ್ರೆಯೂ ಸೇರಿ ಗುಣವಾಗುತ್ತದೆ. ಖಿನ್ನತೆಯ ಮಾತ್ರೆಗಳು ಪೂರ್ಣ ಪರಿಣಾಮ ತೋರಿಸಲು ಕೆಲವು ವಾರ ಬೇಕು, ಐದು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಡುವುದರಿಂದ ಪ್ರಯೋಜನವಿಲ್ಲ. ಇದಕ್ಕಿಂತ ನನಗೆ ಹೆದರಿಕೆಯಿರುವುದು ಇನ್ನೊಂದು ಅಭ್ಯಾಸದ ಬಗ್ಗೆ. ಪರಿಚಯದ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಆಲ್‌ಪ್ರಜೋಲಾಮ್ ತೆಗೆದುಕೊಂಡು ನಿದ್ದೆ ಮಾಡುವವರು ಕಡಿಮೆಯೇನಿಲ್ಲ. ಅದು ಮೊದಲ ವಾರ ಸೊಗಸಾಗಿ ಕೆಲಸ ಮಾಡುತ್ತದೆ, ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬಾರದಂತಾಗುತ್ತದೆ. ವೈದ್ಯರು ಹೇಳದೆ ಅದನ್ನು ಮುಟ್ಟಬೇಡಿ. ಈಗಾಗಲೇ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ, ವೈದ್ಯರಿಗೆ ತಿಳಿಸಿ.

ನಿಮ್ಮ ಪತ್ರದಲ್ಲಿ ನೀವು ಒಂದೆರಡು ವಾಕ್ಯಗಳಲ್ಲಿ ದಾಟಿಹೋದ ಹರಾಜಿನ ಕೆಲಸದ ಬಗ್ಗೆಯೂ ಹೇಳಬೇಕು. ಶುಂಠಿಯ ಬೆಲೆ ಬಿದ್ದ ವರ್ಷ ಅಥವಾ ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ವರ್ಷ ಒಡವೆ ಬಿಡಿಸಿಕೊಳ್ಳಲಾಗದ ಮನೆಗೆ ಫೋನ್ ಮಾಡಿ, ಇಂಥ ದಿನ ಸರ ಹರಾಜಾಗುತ್ತದೆ ಎಂದು ಹೇಳುವುದು, ಆ ಕಡೆಯಿಂದ ಬರುವ ಅಳುವನ್ನೋ ಬೈಗುಳವನ್ನೋ ಕೇಳಿಸಿಕೊಂಡು ಮುಂದಿನ ಸಂಖ್ಯೆ ಒತ್ತುವುದು ಯಾವ ಮನುಷ್ಯನಿಗೂ ಸುಲಭವಲ್ಲ. ತನ್ನ ಮನಸ್ಸು ಒಪ್ಪದ ಕೆಲಸವನ್ನು ದಿನವೂ ತನ್ನ ಬಾಯಿಂದಲೇ ಮಾಡಿಸಿದಾಗ ಆಗುವ ಆಯಾಸ ಕೆಲಸದ ಗಂಟೆಗಳಿಗೆ ತಕ್ಕಂತೆ ಇರುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಡವೆ ತೂಗಿದಾಗ ಆಗದ ದಣಿವು ಅಂಥ ಹತ್ತು ಕರೆಗಳಲ್ಲಿ ಆಗಬಹುದು. ನೀವು ಕೌಂಟರಿನಲ್ಲಿದ್ದ ಏಳು ವರ್ಷ ಚೆನ್ನಾಗಿದ್ದು, ಈ ಎರಡು ವರ್ಷಗಳಲ್ಲಿ ಕುಸಿದಿರುವುದರಿಂದ, ನಿಮ್ಮ ವಿಷಯದಲ್ಲಿ ರಜೆಯ ದಿನಗಳಿಗಿಂತ ಕೆಲಸದ ಹಂಚಿಕೆಯೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು ಒಂದು ದಿನದ ರಜೆ, ಅದಕ್ಕೆ ಅಪಾಯ ಕಡಿಮೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಂತೆ ನಿಮ್ಮಂಥ ನೌಕರರಿಗೆ ವಾರದ ರಜೆಯ ಜೊತೆಗೆ, ಕಾಯಿಲೆ, ಅಪಘಾತ ಅಥವಾ ಸಮಂಜಸವಾದ ಬೇರೆ ಕಾರಣಕ್ಕಾಗಿ ವರ್ಷಕ್ಕೆ 12 ದಿನಗಳವರೆಗೆ ವೇತನ ಸಹಿತ ರಜೆಯಿದೆ. ಕೆಲಸ ಮಾಡಿದ ಪ್ರತಿ 20 ದಿನಗಳಿಗೆ ಒಂದರಂತೆ ಗಳಿಕೆ ರಜೆ ಬೇರೆ. ಸಮಂಜಸವಾದ ಬೇರೆ ಕಾರಣ ಎಂಬ ಮಾತು ಕಾನೂನಿನಲ್ಲಿಯೇ ಇರುವುದರಿಂದ ಒಂದು ದಿನದ ರಜೆಗೆ ‘ವೈಯಕ್ತಿಕ ಕಾರಣ’ ಎಂದು ಬರೆದರೆ ಸಾಕು, ವಿವರ ಬೇಕಿಲ್ಲ. ಹೊಟ್ಟೆನೋವಿನ ಸುಳ್ಳು ಬೇಡವೆನ್ನುವುದಕ್ಕೆ ನನ್ನ ಕಾರಣ ನೀತಿಯದ್ದಲ್ಲ. ಆ ಸುಳ್ಳನ್ನು ಕಾಪಾಡುವುದೇ ಒಂದು ಕೆಲಸವಾಗುತ್ತದೆ. ಯಾವ ಡಾಕ್ಟರಿಗೆ ತೋರಿಸಿದಿರಿ, ಸ್ಕ್ಯಾನ್ ಮಾಡಿಸಿದಿರಾ ಎಂದು ಕೇಳುವವರಿಗೆ ಉತ್ತರ ಸಿದ್ಧ ಮಾಡಿಕೊಳ್ಳುತ್ತಾ ರಜೆಯ ದಿನ ಕಳೆಯುತ್ತದೆ, ಸಂಜೆ ಪೇಟೆಗೆ ಹೋದರೆ ಯಾರಾದರೂ ನೋಡಿಬಿಟ್ಟಾರೆಂಬ ಅಳುಕು ಬೇರೆ. ಆ ದಿನವನ್ನು ತಿಂಗಳ ಕೊನೆಗೆ ಇಟ್ಟುಕೊಳ್ಳಬೇಡಿ, ಗುರಿ ಮುಗಿಸುವ ಗಡಿಬಿಡಿಯಲ್ಲಿ ಹಾಕಿದ ರಜೆ ಮರುದಿನ ಬಡ್ಡಿ ಸಮೇತ ವಸೂಲಾಗುತ್ತದೆ. ಎರಡು ದಿನ ಮುಂಚೆ ತಿಳಿಸಿ, ಬಾಕಿ ಕೆಲಸವನ್ನು ಒಬ್ಬ ಸಹೋದ್ಯೋಗಿಗೆ ಒಪ್ಪಿಸಿ, ಶಾಖೆಯ ಗುಂಪನ್ನು ಆ ದಿನದ ಮಟ್ಟಿಗೆ ಮ್ಯೂಟ್ ಮಾಡಿ. ಎಂದಿನ ಹೊತ್ತಿಗಿಂತ ಒಂದೆರಡು ಗಂಟೆ ತಡವಾಗಿ ಏಳಬಹುದು, ಆದರೆ ಇಡೀ ದಿನ ಮಲಗಿದರೆ ರಾತ್ರಿಯ ನಿದ್ದೆ ಹೋಗುತ್ತದೆ. ಬೆಳಕಿರುವಾಗ ಮನೆಯಿಂದ ಹೊರಗೆ ಒಂದಷ್ಟು ನಡೆಯಿರಿ, ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತಾದರೂ ಸಾಕು. ಮನೆಗೆಲಸ ಆ ದಿನದ ಮಟ್ಟಿಗೆ ಯಜಮಾನರ ಪಾಲಿಗಿರಲಿ.

ಎರಡನೆಯದು ಒಂದೆರಡು ವಾರಗಳ ರಜೆ. ತಂಗಿ ಹೇಳಿದ್ದು ಇದನ್ನು. ವೈದ್ಯರು ಪರೀಕ್ಷಿಸಿ ಕಾಯಿಲೆಯೆಂದು ಗುರುತಿಸಿ, ಚಿಕಿತ್ಸೆಯ ಮೊದಲ ದಿನಗಳಿಗೆ ವಿಶ್ರಾಂತಿ ಬೇಕೆಂದರೆ ಮಾತ್ರ ಇದನ್ನು ನಾನು ಸೂಚಿಸುತ್ತೇನೆ. ಚಿಕಿತ್ಸೆಯಿಲ್ಲದ ದೀರ್ಘ ರಜೆಯ ಅಪಾಯ ಹಿಂದೆ ಹೇಳಿದಂತೆ ಎರಡು ಬಗೆಯದು: ಅಂಜಿಕೆ ಗಟ್ಟಿಯಾಗುವುದು, ಮತ್ತು ಖಿನ್ನತೆಯಿದ್ದಲ್ಲಿ ದಿನಚರಿಯೂ ಜನರ ಒಡನಾಟವೂ ತಪ್ಪಿ, ಒಂದೇ ಯೋಚನೆಯನ್ನು ಮೆಲುಕು ಹಾಕುವುದಕ್ಕೆ ಬೇಕಾದಷ್ಟು ಹೊತ್ತು ಸಿಗುವುದು. ಹಾಗಾಗಿ ರಜೆ ಆರಂಭಿಸುವ ದಿನವೇ ಮರಳುವ ದಿನವನ್ನೂ ನಿಗದಿ ಮಾಡಿಕೊಳ್ಳಬೇಕು. ಸಾಧ್ಯವಾದರೆ ಗುರುವಾರ ಮರಳಿ, ಆಗ ಎರಡು ಮೂರು ದಿನ ಕೆಲಸವಾದೊಡನೆ ಭಾನುವಾರ ಬರುತ್ತದೆ. ಸಂಬಳ ಚೀಟಿಯಲ್ಲಿ ನೌಕರರ ರಾಜ್ಯ ವಿಮೆ ಎಂಬ ಇಎಸ್‌ಐ ಕಡಿತವಿದ್ದರೆ, ಅಂದರೆ ಸಾಮಾನ್ಯವಾಗಿ ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದರೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಇದು ಮೈಯ ಕಾಯಿಲೆಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ, ಹಾಗಿಲ್ಲ.

ವೈದ್ಯಕೀಯ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ‘ಟೈಫಾಯ್ಡ್ ಎಂದು ಬರೆದುಕೊಡಿ ಸರ್’ ಎಂದು ಕೇಳುವವರಿದ್ದಾರೆ. ಸುಳ್ಳು ಪ್ರಮಾಣಪತ್ರ ಕೊಡುವುದು ವೈದ್ಯರ ಪಾಲಿಗೆ ವೃತ್ತಿ ದುರ್ನಡತೆ, ನೋಂದಣಿಗೇ ಕುತ್ತು ತರಬಲ್ಲದು. ನಿಜವಾದ ಪ್ರಮಾಣಪತ್ರದಲ್ಲಿ ಎಷ್ಟು ವಿವರವಿರಬೇಕು ಎಂಬುದನ್ನು ವೈದ್ಯರೊಂದಿಗೆ ಮಾತನಾಡಿಕೊಳ್ಳಬಹುದು, ಹಲವು ಸಂದರ್ಭಗಳಲ್ಲಿ ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ದಿನ ವಿಶ್ರಾಂತಿ ಬೇಕು ಎಂಬಷ್ಟೇ ಸಾಕಾಗುತ್ತದೆ. ನಿಮ್ಮ ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವ ಹೊಣೆಯನ್ನು 2017ರ ಕಾಯ್ದೆಯ 23ನೇ ಕಲಂ ಚಿಕಿತ್ಸೆ ನೀಡುವವರ ಮೇಲೆ ಹೊರಿಸಿದೆ. ಸರ್ಕಾರಿ ನೌಕರರಾದ ಓದುಗರಿಗೆ ಅವರದೇ ನಿಯಮಗಳಿವೆ. ನಾಲ್ಕನೆಯ ಶನಿವಾರವನ್ನು ರಜೆ ಮಾಡಿದ 2019ರಲ್ಲಿ ಅವರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದ್ದರಿಂದ, ಅದನ್ನು ಮದುವೆ, ಗೃಹಪ್ರವೇಶಗಳಿಗೇ ಮುಗಿಸದೆ ಒಂದೆರಡನ್ನು ಉಳಿಸಿಕೊಳ್ಳುವುದು ಜಾಣತನ. ದಿನಗೂಲಿಯ ಮೇಲೆ ತೋಟಕ್ಕೆ ಹೋಗುವವರಿಗೆ ಒಂದು ದಿನದ ಬಿಡುವೆಂದರೆ ಒಂದು ದಿನದ ಕೂಲಿ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಅರ್ಜಿ ಕೊಡಲು ಮೇಲಧಿಕಾರಿಯೇ ಇಲ್ಲ. ಅವರಿಗೆ ಈ ಸಲಹೆಯ ಬಹುಭಾಗ ಒದಗುವುದಿಲ್ಲ ಎಂಬ ಅರಿವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೂರನೆಯ ದಾರಿ ಕೆಲಸದ ಸ್ವರೂಪವನ್ನು ಬದಲಿಸಲು ಕೇಳುವುದು. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ, ನನ್ನ ಮಟ್ಟಿಗೆ ನಿಮಗೆ ಹೆಚ್ಚು ಉಪಯೋಗವಾಗುವುದು ಇದೇ. ವ್ಯವಸ್ಥಾಪಕರ ಬಳಿ ನಿಮ್ಮ ಮನಸ್ಸಿನ ಸ್ಥಿತಿಯನ್ನು ಬಿಚ್ಚಿಡಲೇಬೇಕೆಂದಿಲ್ಲ. ಎರಡು ವರ್ಷದಿಂದ ಹರಾಜಿನ ಕರೆಗಳು ನನ್ನೊಬ್ಬಳ ಮೇಲೆಯೇ ಇವೆ, ಅವುಗಳನ್ನು ಇಬ್ಬರು ಮೂವರಿಗೆ ಸರದಿಯಂತೆ ಹಂಚಿ, ವಾರದಲ್ಲಿ ಮೂರು ದಿನವಾದರೂ ನನ್ನನ್ನು ಕೌಂಟರಿಗೆ ಹಾಕಿ ಎಂದು ಕೆಲಸದ ಭಾಷೆಯಲ್ಲಿಯೇ ಕೇಳಬಹುದು. ಒಡವೆಯ ತೂಕ, ಶುದ್ಧತೆ ನೋಡುವ ಕೆಲಸದಲ್ಲಿ ನಿದ್ದೆಗೆಟ್ಟವರು ಒಂದು ತಪ್ಪು ಮಾಡಿದರೂ ನಷ್ಟ ಕಂಪನಿಗೇ ಎಂಬುದು ಅವರಿಗೂ ಗೊತ್ತಿರುತ್ತದೆ. ಖಿನ್ನತೆ ಮತ್ತು ಆತಂಕದಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಅಂದಾಜಿಸಿವೆ. ಕೇಳಿದರೂ ಆಗಲಿಲ್ಲ ಎನ್ನುವ ಸಾಧ್ಯತೆಯೂ ಇದೆ, ಗುರಿ ಮುಟ್ಟಲಾಗದವರು ಎಂಬ ಹಣೆಪಟ್ಟಿ ಅಂಟುವ ಅಪಾಯವೂ ಇದೆ. ನಿಮ್ಮ ವ್ಯವಸ್ಥಾಪಕರು ಎಂಥವರು ಎಂಬುದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ, ಆದ್ದರಿಂದ ಎಷ್ಟು ಹೇಳಬೇಕೆಂಬುದು ನಿಮ್ಮ ತೀರ್ಮಾನಕ್ಕೆ ಬಿಟ್ಟದ್ದು.

ಕೆಲಸ ಬಿಡುವುದು ಕೊನೆಯ ದಾರಿ. ಬಿಡಲೇಬಾರದೆಂದು ನಾನು ಹೇಳುವುದಿಲ್ಲ, ಕೆಲವು ಕೆಲಸಗಳನ್ನು ಬಿಟ್ಟ ಮೇಲೆಯೇ ಜನ ಚೇತರಿಸಿಕೊಂಡದ್ದನ್ನು ನೋಡಿದ್ದೇನೆ. ಆದರೆ ನಿದ್ದೆಯಿಲ್ಲದ ತಿಂಗಳುಗಳಲ್ಲಿ ಮನಸ್ಸು ಎಲ್ಲ ದಾರಿಯೂ ಮುಚ್ಚಿದೆ ಎಂದೇ ಹೇಳುತ್ತದೆ, ಆ ಸ್ಥಿತಿಯಲ್ಲಿ ಮಾಡಿದ ತೀರ್ಮಾನ ಚೇತರಿಸಿಕೊಂಡ ಮೇಲೆ ಸರಿಯೆನಿಸದೆ ಹೋಗಬಹುದು. ಸಂಬಳ ನಿಂತರೆ ಬರುವ ಚಿಂತೆ ಸಣ್ಣದಲ್ಲ, ಮನೆಯಲ್ಲಿಯೇ ಉಳಿದರೆ ಆ ದಿನಗಳೂ ನಿಮ್ಮ ಆ ಮೊದಲ ರಜೆಯ ದಿನದಂತೆಯೇ ಆಗಬಹುದು. ಆರೆಂಟು ವಾರ ಚಿಕಿತ್ಸೆ ಮತ್ತು ಕೆಲಸದ ಬದಲಾವಣೆ ಎರಡನ್ನೂ ಪ್ರಯತ್ನಿಸಿ, ನಿದ್ದೆ ಸರಿಹೋದ ಮೇಲೂ ಈ ಕೆಲಸ ಬೇಡವೆಂದೇ ಅನ್ನಿಸಿದರೆ ಆಗ ಬಿಡಿ, ಬೇರೆ ಕೆಲಸ ನೋಡಿಕೊಂಡು ಬಿಡಿ.

ಮನೆಯ ವಿಷಯಕ್ಕೆ ಬಂದರೆ, ಅತ್ತೆಯವರೊಂದಿಗೆ ವಾದ ಬೇಡ. ಮಾನಸಿಕ ಎಂಬ ಮಾತು ಕೇಳಿದರೆ ಅವರ ತಲೆಮಾರಿನವರಿಗೆ ಬೇರೆಯೇ ಚಿತ್ರ ಕಣ್ಣ ಮುಂದೆ ಬರುತ್ತದೆ. ಮೂರು ತಿಂಗಳಿಂದ ನಾಲ್ಕು ಗಂಟೆಗೇ ಎಚ್ಚರವಾಗುತ್ತಿದೆ ಅಮ್ಮ, ಊಟ ಸೇರುತ್ತಿಲ್ಲ, ಡಾಕ್ಟರಿಗೆ ತೋರಿಸಬೇಕು ಎಂದು ಹೇಳಿ ನೋಡಿ. ನಿದ್ದೆ ಮತ್ತು ಊಟ ಕೆಟ್ಟಿದೆ ಎಂದರೆ ಅರ್ಥ ಮಾಡಿಕೊಳ್ಳದ ಹಿರಿಯರು ಕಡಿಮೆ. ನಿಮ್ಮ ಪತ್ರದಲ್ಲಿ ಯಜಮಾನರ ಪ್ರಸ್ತಾಪವೇ ಇಲ್ಲ. ಅವರಿಗೆ ಇದಾವುದೂ ಗೊತ್ತಿಲ್ಲವೆಂದಾದರೆ ಅವರಿಗೆ ಹೇಳುವುದೇ ಮೊದಲ ಕೆಲಸ, ಬಸ್ಸಿನಲ್ಲಿ ಬರುವ ಯೋಚನೆಯೂ ಸೇರಿ.

ಪರಿಚಯದವರು ಕಂಡಾರೆಂಬ ಸಂಕೋಚದಿಂದ ಚಿಕಿತ್ಸೆಗೆ ತಡಮಾಡುವವರು ನಮ್ಮಲ್ಲಿ ಬಹಳ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ ಎಂದು ಕಂಡುಬಂದಿತ್ತು. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ, ಖಾಸಗಿಯಾಗಿ ನೋಡುವವರೂ ಊರಿನಲ್ಲಿದ್ದಾರೆ. ಅದಕ್ಕೂ ಮನಸ್ಸಾಗದಿದ್ದರೆ ಮೊದಲ ಹೆಜ್ಜೆಯಾಗಿ ಹಿಂದೆ ಹೇಳಿದ ಸಂಖ್ಯೆಗೆ ಮನೆಯಿಂದಲೇ ಕರೆ ಮಾಡಬಹುದು. ವೈದ್ಯರ ಬಳಿ ಹೋಗುವ ಮೊದಲು ಒಂದು ವಾರ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎಚ್ಚರವಾಯಿತು, ದಿನದಲ್ಲಿ ಅತಿ ಕಷ್ಟವೆನಿಸಿದ ಹೊತ್ತು ಯಾವುದು, ಕಾಫಿ ಎಷ್ಟು ಸಲ ಕುಡಿದಿರಿ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ, ಮುಟ್ಟು ನಿಯಮಿತವಾಗಿದೆಯೇ ಎಂಬುದನ್ನೂ, ತಾಯಿ ತಂದೆ ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಹತ್ತು ನಿಮಿಷದ ಭೇಟಿಯಲ್ಲಿ ಬಾಯಿಗೆ ಬಾರದ ಅರ್ಧ ವಿಷಯ ಆ ಹಾಳೆಯಿಂದ ವೈದ್ಯರಿಗೆ ತಿಳಿಯುತ್ತದೆ. ಬೆಳಗಿನ ಜಾವದ ಎಚ್ಚರದ ಸಂಗತಿಯನ್ನು ಮಾತ್ರ ಅವರು ಕೇಳುವವರೆಗೆ ಕಾಯದೆ ನೀವೇ ಮೊದಲು ಹೇಳಿ.